ಒಂದು ನ್ಯೂಟ್ರಾನಿನ ವ್ಯತ್ಯಾಸ: ಭಾರಜಲದ ಗೋಪುರದಿಂದ ಜೇನಿನ ಬಾಟಲಿಯವರೆಗೆ

ನೀರಿನಲ್ಲಿರುವ ಜಲಜನಕದ ಪರಮಾಣುಗಳನ್ನು ಎಣಿಸುತ್ತ ಹೋದರೆ ಸುಮಾರು 6,400ಕ್ಕೆ ಒಂದು ಬೇರೆ ಥರದ್ದು ಸಿಗುತ್ತದೆ. ಅದರ ಬೀಜದಲ್ಲಿ ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನೂ ಇರುತ್ತದೆ. ತೂಕ ಎರಡು ಪಟ್ಟು. ಇದೇ ಡ್ಯೂಟೀರಿಯಂ. ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಇದನ್ನು ಪತ್ತೆಹಚ್ಚಿದರು, 1934ರಲ್ಲಿ ಅದಕ್ಕಾಗಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಒಂದು ಧಾತುವಿನ ಐಸೋಟೋಪುಗಳು (ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಪರಮಾಣುಗಳು) ರಾಸಾಯನಿಕವಾಗಿ ಒಂದೇ ರೀತಿ ವರ್ತಿಸುತ್ತವೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಯುರೇನಿಯಂ ಮಟ್ಟಿಗೆ ಅದು ಹೆಚ್ಚೂಕಡಿಮೆ ನಿಜ. 235 ಮತ್ತು 238ರ ನಡುವೆ ತೂಕದ ಅಂತರ ಶೇ. 1.3 ಮಾತ್ರ. ಇಂಗಾಲದಲ್ಲಿ ಆ ಅಂತರ ಶೇ. 8, ಬೋರಾನಿನಲ್ಲಿ 10, ಲಿಥಿಯಂನಲ್ಲಿ 17, ಜಲಜನಕದಲ್ಲಿ 100. ಹಗುರ ಧಾತುಗಳಿಗೆ ಬಂದಾಗ ಪಾಠದ ಆ ಸಾಲು ಕೈಕೊಡುತ್ತದೆ. ಕೈಕೊಡುವುದರಿಂದಲೇ ಗಿರ್ರನೆ ತಿರುಗಿಸಿ ತೂಕದಿಂದ ಬೇರ್ಪಡಿಸುವ ಸೆಂಟ್ರಿಫ್ಯೂಜಿನ ಹಂಗಿಲ್ಲದೆ ರಾಸಾಯನಿಕ ವಿನಿಮಯದಿಂದ ಭಾರಜಲ, ಅಂದರೆ ಜಲಜನಕದ ಜಾಗದಲ್ಲಿ ಡ್ಯೂಟೀರಿಯಂ ಇರುವ ನೀರು, ತಯಾರಾಗುತ್ತದೆ. ಬರೀ ಭಾರಜಲ ಕುಡಿಸಿದ ಇಲಿ ಸಾಯುವುದೂ ಅದೇ ಕಾರಣಕ್ಕೆ.

ಆ ಕಾರಣ ಬಂಧದ ಕಂಪನದಲ್ಲಿದೆ. ಎರಡು ಪರಮಾಣುಗಳ ನಡುವಿನ ಬಂಧವನ್ನು ಎಷ್ಟೇ ತಣ್ಣಗೆ ಮಾಡಿದರೂ ಅದು ಅಲುಗುವುದನ್ನು ಬಿಡುವುದಿಲ್ಲ. ಕ್ವಾಂಟಂ ನಿಯಮದಂತೆ ಅದಕ್ಕೊಂದು ಕನಿಷ್ಠ ಶಕ್ತಿ ಇದ್ದೇ ಇರುತ್ತದೆ. ಹೆಸರು ಶೂನ್ಯಬಿಂದು ಶಕ್ತಿ. ಪರಮಾಣು ಭಾರವಾದಷ್ಟೂ ಕಂಪನ ನಿಧಾನ, ಈ ಶಕ್ತಿಯೂ ಕಡಿಮೆ. ಅವಕೆಂಪು ರೋಹಿತದಲ್ಲಿ ಇಂಗಾಲ–ಜಲಜನಕ ಬಂಧ ಸೆಂಟಿಮೀಟರಿಗೆ 2,900 ಅಲೆಗಳ ಆಸುಪಾಸಿನಲ್ಲಿ ಕಾಣಿಸಿಕೊಂಡರೆ ಇಂಗಾಲ–ಡ್ಯೂಟೀರಿಯಂ ಬಂಧ 2,100ರ ಬಳಿ ಕಾಣುತ್ತದೆ. ಈ ವ್ಯತ್ಯಾಸದ ಅರ್ಧ, ಅಂದರೆ 400, ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಮೋಲಿಗೆ ಸುಮಾರು 4.8 ಕಿಲೋಜೂಲ್. ಡ್ಯೂಟೀರಿಯಂ ಬಂಧ ಒಡೆಯಲು ಅಷ್ಟು ಹೆಚ್ಚು ಶಕ್ತಿ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರಿಂದ ಕ್ರಿಯೆಯ ವೇಗ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯಬಹುದು.

ಇದು ವೇಗದ ಮಾತಾಯಿತು. ಸಮತೋಲದ ಲೆಕ್ಕದಲ್ಲಿ, ಎರಡು ಅಣುಗಳ ನಡುವೆ ಆಯ್ಕೆ ಸಿಕ್ಕರೆ ಡ್ಯೂಟೀರಿಯಂ ಬಿಗಿಯಾದ ಬಂಧವಿರುವ ಕಡೆಗೇ ವಾಲುತ್ತದೆ. ನೀರಿನ ಆಮ್ಲಜನಕ–ಜಲಜನಕ ಬಂಧ ಹೈಡ್ರೋಜನ್ ಸಲ್ಫೈಡಿನ ಗಂಧಕ–ಜಲಜನಕ ಬಂಧಕ್ಕಿಂತ ಬಿಗಿ. ಹಾಗಾಗಿ ಎರಡನ್ನೂ ಬೆರೆಸಿದಾಗ ಡ್ಯೂಟೀರಿಯಂ ನೀರಿನಲ್ಲಿ ಹೆಚ್ಚು ನಿಲ್ಲುತ್ತದೆ. ಬಿಸಿ ಏರಿದಂತೆ ಈ ಒಲವು ಕುಗ್ಗುತ್ತದೆ. ಮುಂದೆ ಬರುವ ದೊಡ್ಡ ಸ್ಥಾವರಗಳೆಲ್ಲ ಈ ಕೊನೆಯ ಸಂಗತಿಯ ಮೇಲೆ ನಿಂತಿವೆ.

ಎಷ್ಟು ಹಂತ ಬೇಕು?

ಬೇರ್ಪಡಿಸುವವರ ಮೊದಲ ಪ್ರಶ್ನೆ ಒಂದೇ: ಒಂದು ಹಂತದಲ್ಲಿ ಎರಡು ಐಸೋಟೋಪುಗಳ ಅನುಪಾತ ಎಷ್ಟು ಪಟ್ಟು ಬದಲಾಗುತ್ತದೆ? ಈ ಸಂಖ್ಯೆಗೆ ಬೇರ್ಪಡಿಕೆ ಗುಣಕ ಎಂದು ಹೆಸರು. ಶೇ. 0.0156 ಡ್ಯೂಟೀರಿಯಂ ಇರುವ ನೀರನ್ನು 99.8ಕ್ಕೆ ಏರಿಸಬೇಕು ಎಂದುಕೊಳ್ಳಿ. ಅನುಪಾತವನ್ನು ಒಟ್ಟು 32 ಲಕ್ಷ ಪಟ್ಟು ಹೆಚ್ಚಿಸಬೇಕು. ಗುಣಕ 6 ಇದ್ದರೆ 9 ಹಂತ ಸಾಕು, 2.3 ಇದ್ದರೆ 18, 1.026 ಇದ್ದರೆ 580ಕ್ಕೂ ಮೇಲೆ. ಇವೂ ಸೈದ್ಧಾಂತಿಕ ಕನಿಷ್ಠ, ಉತ್ಪನ್ನವನ್ನು ಹೊರಗೆ ತೆಗೆಯದಿದ್ದಾಗಿನ ಲೆಕ್ಕ.

ಗುಣಕ 6ರ ಆಸುಪಾಸು ಇರುವುದು ವಿದ್ಯುದ್ವಿಭಜನೆಯಲ್ಲಿ, ಅಂದರೆ ಕರೆಂಟು ಹಾಯಿಸಿ ನೀರನ್ನು ಒಡೆಯುವುದರಲ್ಲಿ. ಕ್ಯಾಥೋಡಿನಲ್ಲಿ ಹಗುರ ಜಲಜನಕ ಬೇಗ ಅನಿಲವಾಗಿ ಹೋಗುತ್ತದೆ, ಡ್ಯೂಟೀರಿಯಂ ಹಿಂದುಳಿಯುತ್ತದೆ. ಸುಲಭ ಎನ್ನಿಸುತ್ತದೆ. ಆದರೆ 1,000 ಲೀಟರ್ ನೀರನ್ನು ಹೀಗೆ 1 ಲೀಟರಿಗೆ ಇಳಿಸಿದರೆ ಉಳಿದದ್ದರಲ್ಲಿ ಡ್ಯೂಟೀರಿಯಂ ಶೇ. 5ರಷ್ಟು ಮಾತ್ರ, ಮೊದಲಿದ್ದ ಡ್ಯೂಟೀರಿಯಂನ ಮೂರನೇ ಎರಡು ಭಾಗ ಅನಿಲದ ಜೊತೆ ಹೋಗಿಬಿಟ್ಟಿರುತ್ತದೆ. ಒಂದು ಕಿಲೋ ಭಾರಜಲಕ್ಕೆ ಬೇಕಾದಷ್ಟು ಡ್ಯೂಟೀರಿಯಂ ಇರುವುದೇ 5.8 ಟನ್ ಸಾಮಾನ್ಯ ನೀರಿನಲ್ಲಿ. ಅಷ್ಟನ್ನು ವಿಭಜಿಸಲು, ಡ್ಯೂಟೀರಿಯಂ ಒಂದಿಷ್ಟೂ ಪೋಲಾಗದೆ ಇದ್ದರೂ, 30 ಸಾವಿರ ಯೂನಿಟ್‌ಗಿಂತ ಹೆಚ್ಚು ಕರೆಂಟು ಬೇಕು. ಆದ್ದರಿಂದ ಈ ವಿಧಾನ ಬಾಳಿದ್ದು ಗೊಬ್ಬರಕ್ಕಾಗಿ ಹೇಗೂ ನೀರನ್ನು ಒಡೆದು ಜಲಜನಕ ತೆಗೆಯುತ್ತಿದ್ದ ಕಡೆ: ನಾರ್ವೆಯ ವೇಮೋರ್ಕ್‌ನಲ್ಲಿ, ನಮ್ಮಲ್ಲಿ ಭಾಕ್ರಾ ವಿದ್ಯುತ್ತನ್ನು ನಂಬಿದ್ದ ಪಂಜಾಬಿನ ನಂಗಲ್‌ನಲ್ಲಿ. ನಂಗಲ್ 1962ರಲ್ಲಿ ಶುರುವಾದ ದೇಶದ ಮೊದಲ ಭಾರಜಲ ಸ್ಥಾವರ. ಅಲ್ಲಿ ವಿದ್ಯುದ್ವಿಭಜನೆಯ ನಂತರ ಜಲಜನಕವನ್ನು ದ್ರವವಾಗಿಸಿ ಬಟ್ಟಿ ಇಳಿಸುತ್ತಿದ್ದರು.

ಇನ್ನು ನೀರನ್ನೇ ಬಟ್ಟಿ ಇಳಿಸುವುದು. 100 ಡಿಗ್ರಿಯಲ್ಲಿ ಗುಣಕ 1.026; ಒತ್ತಡ ಇಳಿಸಿ 50 ಡಿಗ್ರಿಯಲ್ಲಿ ಕುದಿಸಿದರೆ 1.05ರ ಹತ್ತಿರ. 100 ಡಿಗ್ರಿಯ ಗುಣಕದಲ್ಲಿ ಒಂದು ಕಿಲೋ ಭಾರಜಲಕ್ಕೆ ಕನಿಷ್ಠ 220 ಟನ್ ಹಬೆ ಎಬ್ಬಿಸಬೇಕು. ಯುದ್ಧದ ತುರ್ತಿನಲ್ಲಿ, 1943ರ ಹೊತ್ತಿಗೆ, ಅಮೆರಿಕ ಇಂಥ ಮೂರು ಸ್ಥಾವರ ಕಟ್ಟಿತ್ತು. ಶಾಂತಿಕಾಲದ ಲೆಕ್ಕಪತ್ರದಲ್ಲಿ ಇದು ಕೂರುವುದಿಲ್ಲ.

ಎರಡು ಗೋಪುರಗಳ ಉಪಾಯ

ಕೆಲಸಕ್ಕೆ ಬಂದದ್ದು ನೀರು–ಹೈಡ್ರೋಜನ್ ಸಲ್ಫೈಡ್ ವಿನಿಮಯ. 1943ರಲ್ಲಿ ಜರ್ಮನಿಯ ಕಾರ್ಲ್-ಹೆರ್ಮನ್ ಗೈಬ್ ಮತ್ತು ಅಮೆರಿಕದ ಜೆರೋಮ್ ಸ್ಪೆವಾಕ್ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಅಮೆರಿಕದ ಸವಾನಾ ರಿವರ್, ಕೆನಡಾದ ಬ್ರೂಸ್, ರಾಜಸ್ಥಾನದ ಕೋಟಾ, ತೆಲಂಗಾಣದ ಮಣುಗೂರು, ಎಲ್ಲ ಕಡೆಯೂ ಕಟ್ಟಿದ್ದು ಇದೇ ವಿಧಾನದ ಸ್ಥಾವರಗಳನ್ನು.

ಒಂದು ಗೋಪುರವನ್ನು 30 ಡಿಗ್ರಿಯ ಸುಮಾರಿನಲ್ಲಿ, ಇನ್ನೊಂದನ್ನು 130ರ ಸುಮಾರಿನಲ್ಲಿ ಇಡುತ್ತಾರೆ. ಒಳಗೆ ತೂತುಗಳಿರುವ ತಟ್ಟೆಗಳ ಸಾಲು. ನೀರು ಮೇಲಿನಿಂದ ತಣ್ಣನೆಯ ಗೋಪುರಕ್ಕೆ ಇಳಿದು, ಅಲ್ಲಿಂದ ಬಿಸಿ ಗೋಪುರಕ್ಕೆ ಹೋಗಿ ತಳದಲ್ಲಿ ಹೊರಬೀಳುತ್ತದೆ. ಅನಿಲ ಎದುರು ದಿಕ್ಕಿನಲ್ಲಿ ಏರುತ್ತದೆ, ತುದಿ ಮುಟ್ಟಿದ ಮೇಲೆ ಮತ್ತೆ ತಳಕ್ಕೆ ಬರುತ್ತದೆ, ಅದು ಖರ್ಚಾಗುವುದಿಲ್ಲ. ತಣ್ಣನೆಯ ಗೋಪುರದಲ್ಲಿ ಗುಣಕ 2.33. ಅನಿಲದ ಡ್ಯೂಟೀರಿಯಂ ನೀರಿಗೆ ಸೇರುತ್ತದೆ. ಬಿಸಿ ಗೋಪುರದಲ್ಲಿ ಗುಣಕ 1.8. ಅಲ್ಲಿ ನೀರು ಡ್ಯೂಟೀರಿಯಂ ಬಿಟ್ಟುಕೊಡುತ್ತದೆ, ಅನಿಲ ಅದನ್ನು ಹೊತ್ತು ಮತ್ತೆ ತಣ್ಣನೆಯ ಗೋಪುರಕ್ಕೆ ತರುತ್ತದೆ. ಹೋಗಿ ಬಂದು ಮಾಡುತ್ತ ಡ್ಯೂಟೀರಿಯಂ ಎರಡು ಗೋಪುರಗಳ ನಡುವೆ ಗುಡ್ಡೆಯಾಗುತ್ತದೆ. ಒಂದಿಷ್ಟನ್ನು ಅಲ್ಲಿಂದ ತೆಗೆದು ಮುಂದಿನ, ಇನ್ನೂ ಸಣ್ಣ ಗೋಪುರ ಜೋಡಿಗೆ ಕಳಿಸುತ್ತಾರೆ. ವೇಗವರ್ಧಕ ಬೇಡ, ನೀರನ್ನು ಒಡೆಯುವುದು ಬೇಡ, ಬೇಕಾದದ್ದು ಹಬೆ ಮತ್ತು ಪಂಪು.

ಪೂರ್ತಿ ಡ್ಯೂಟೀರಿಯಂ ಮಾತ್ರ ಎಂದೂ ಕೈಗೆ ಬರುವುದಿಲ್ಲ. ತಣ್ಣನೆಯ ಗೋಪುರ ಬಿಟ್ಟ ಅನಿಲದಲ್ಲಿ ಒಳಬರುವ ನೀರಿನ 2.33ನೇ ಒಂದು ಭಾಗ ಡ್ಯೂಟೀರಿಯಂ ಇರುತ್ತದೆ. ಹೊರಹೋಗುವ ನೀರು ಎಷ್ಟೇ ಒಳ್ಳೆಯ ಗೋಪುರದಲ್ಲೂ ಅದರ 1.8 ಪಟ್ಟಿಗಿಂತ ಕೆಳಗೆ ಇಳಿಯದು. 1.8ನ್ನು 2.33ರಿಂದ ಭಾಗಿಸಿ: ಶೇ. 77 ಹಾಗೇ ಹೊರಹೋಗುತ್ತದೆ, ಗರಿಷ್ಠ 23 ಸಿಕ್ಕೀತು. ವಾಸ್ತವದಲ್ಲಿ 20ರ ಆಚೀಚೆ. ಹಾಗಾಗಿ ಒಂದು ಕಿಲೋಗೆ 5.8 ಟನ್ ಇದ್ದದ್ದು 29 ಟನ್ ನೀರಾಗುತ್ತದೆ. ಸ್ಥಾವರ ಹೊಳೆಯ ಪಕ್ಕದಲ್ಲೋ ಅಣೆಕಟ್ಟಿನ ಪಕ್ಕದಲ್ಲೋ ಇರಬೇಕಾದ ಕಾರಣ ಇಲ್ಲಿದೆ. ಮಣುಗೂರಿಗೆ ಗೋದಾವರಿ ಇದೆ.

ತಪ್ಪಲು ಜಾಗ ಬಹಳ. ಅನಿಲ ಮತ್ತು ನೀರಿನ ಮೋಲ್ ಅನುಪಾತ ಎರಡು ಗುಣಕಗಳ ನಡುವೆ, ಅಂದರೆ 2ರ ಸುತ್ತಮುತ್ತ, ನಿಲ್ಲಬೇಕು. ಸ್ವಲ್ಪ ಅತ್ತಿತ್ತ ಸರಿದರೂ ಗುಡ್ಡೆಯಾದ ಡ್ಯೂಟೀರಿಯಂ ಒಂದು ಗೋಪುರದ ಕಡೆ ಜಾರಿ ಕದಡಿಹೋಗುತ್ತದೆ. ಅದನ್ನು ಮತ್ತೆ ಕಟ್ಟಲು ದಿನಗಳು ಸಾಲವು, ವಾರಗಳೇ ಬೇಕು. ಗುಣಕ ಹೆಚ್ಚಲಿ ಎಂದು ತಣ್ಣನೆಯ ಗೋಪುರವನ್ನು 30ಕ್ಕಿಂತ ಕೆಳಗೆ ಇಳಿಸುವಂತೆಯೂ ಇಲ್ಲ: ಆ ಒತ್ತಡದಲ್ಲಿ ನೀರು ಮತ್ತು ಹೈಡ್ರೋಜನ್ ಸಲ್ಫೈಡ್ ಸೇರಿ ಮಂಜಿನಂಥ ಹೈಡ್ರೇಟ್ ಹರಳಾಗಿ ತಟ್ಟೆಗಳ ತೂತು ಕಟ್ಟುತ್ತವೆ. ಒತ್ತಡವನ್ನು 20 ಬಾರ್‌ನಿಂದ ಬಹಳ ಏರಿಸಿದರೆ ಅನಿಲವೇ ದ್ರವವಾಗಿಬಿಡುತ್ತದೆ. ಒಳಬರುವ ನೀರಿನಲ್ಲಿ ಎಣ್ಣೆಯ ಅಂಶವೋ ಸಾವಯವ ಕೊಳೆಯೋ ಇದ್ದರೆ ತಟ್ಟೆಗಳ ಮೇಲೆ ನೊರೆ ಏಳುತ್ತದೆ, ನೀರು ಇಳಿಯುವುದು ನಿಲ್ಲುತ್ತದೆ, ಗೋಪುರ ತುಂಬಿಕೊಳ್ಳುತ್ತದೆ. ಅದಕ್ಕೆ ನೊರೆನಿವಾರಕ ಸೇರಿಸುತ್ತಾರೆ. ಹೈಡ್ರೋಜನ್ ಸಲ್ಫೈಡ್ ಉಕ್ಕನ್ನು ತಿನ್ನುತ್ತದೆ. ಆದರೆ ಮೊದಲೇ ಹದ ಮಾಡಿ ಕಬ್ಬಿಣದ ಸಲ್ಫೈಡಿನ ಗಟ್ಟಿ ಪೊರೆ ಬೆಳೆಸಿದರೆ ಆ ಪೊರೆಯೇ ಉಕ್ಕನ್ನು ಕಾಯುತ್ತದೆ. ಹದ ಮಾಡದೆ ಅವಸರದಲ್ಲಿ ಚಾಲೂ ಮಾಡಿದರೆ ಸವೆದ ಕಬ್ಬಿಣ ಬೇರೆ ಕಡೆ ಹೋಗಿ ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಅನಿಲದ್ದೇ. ಕೊಳೆತ ಮೊಟ್ಟೆಯ ವಾಸನೆ ಎಚ್ಚರಿಸುತ್ತದೆ ಎಂದು ನಂಬುವ ಹಾಗಿಲ್ಲ. ಗಾಳಿಯಲ್ಲಿ ದಶಲಕ್ಷಕ್ಕೆ 100 ಭಾಗ ದಾಟಿದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. 1,000 ಮುಟ್ಟಿದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಇಂಥ ಅನಿಲ ಟನ್ನುಗಟ್ಟಲೆ ಸುತ್ತುತ್ತಿರುವ ಸ್ಥಾವರದಲ್ಲಿ ಗಾಳಿಯ ದಿಕ್ಕು ನೋಡುವುದು ದಿನಚರಿಯ ಭಾಗ.

ಶೇ. 15–20 ತಲುಪಿದ ಮೇಲೆ ಪ್ರಮಾಣ ಎಷ್ಟು ಕುಗ್ಗಿರುತ್ತದೆಂದರೆ, ಮೊದಲು ದುಬಾರಿ ಎಂದು ಬಿಟ್ಟಿದ್ದ ಬಟ್ಟಿ ಇಳಿಸುವಿಕೆಯೇ ಈಗ ಅಗ್ಗ. ನಿರ್ವಾತದಲ್ಲಿ ಬಟ್ಟಿ ಇಳಿಸಿ 99.8ಕ್ಕೆ ಮುಟ್ಟಿಸುತ್ತಾರೆ.

ವಡೋದರಾ, ತೂತ್ತುಕುಡಿ, ಥಲ್, ಹಜೀರಾಗಳಲ್ಲಿ ಹಿಡಿದ ದಾರಿ ಬೇರೆ: ಅಮೋನಿಯ–ಜಲಜನಕ ವಿನಿಮಯ. ಗುಣಕ 25 ಡಿಗ್ರಿಯಲ್ಲಿ ಸುಮಾರು 3.6, ಮೈನಸ್ 25ರಲ್ಲಿ 5ನ್ನು ದಾಟುತ್ತದೆ. ಪೊಟ್ಯಾಸಿಯಂ ಅಮೈಡ್ ಎಂಬ ವೇಗವರ್ಧಕವಿಲ್ಲದೆ ಇದು ನಡೆಯದು, ಆ ಅಮೈಡ್ ನೀರು ಮತ್ತು ಆಮ್ಲಜನಕದ ಸುಳಿವಿಗೇ ಕೆಟ್ಟು ಘನವಾಗಿ ಕೊಳವೆ ಕಟ್ಟುತ್ತದೆ. ಡ್ಯೂಟೀರಿಯಂ ಬರುವುದು ಪಕ್ಕದ ಗೊಬ್ಬರ ಕಾರ್ಖಾನೆಯ ಅನಿಲದಿಂದ. ಅದು ನಿಂತರೆ ಇದೂ ನಿಲ್ಲುತ್ತದೆ.

ಹೀಗೆ ತಯಾರಾದ ಭಾರಜಲ ಕರ್ನಾಟಕದ ಕೈಗಾದಲ್ಲಿರುವಂಥ ರಿಯಾಕ್ಟರುಗಳಿಗೆ ಹೋಗುತ್ತದೆ. ನ್ಯೂಟ್ರಾನುಗಳನ್ನು ನುಂಗದೆ ನಿಧಾನಗೊಳಿಸುವುದು ಅಲ್ಲಿ ಅದರ ಕೆಲಸ. ಸೋರಿದ ಹಬೆಯನ್ನು ಹೀರಿ ಹಿಡಿದು ಮತ್ತೆ ಬಟ್ಟಿ ಇಳಿಸಿ ಶುದ್ಧಮಾಡುವ ವ್ಯವಸ್ಥೆ ರಿಯಾಕ್ಟರಿನ ಜೊತೆಗೇ ಇರುತ್ತದೆ. ಡ್ಯೂಟೀರಿಯಂ ಆಗೊಮ್ಮೆ ಈಗೊಮ್ಮೆ ನ್ಯೂಟ್ರಾನ್ ಹಿಡಿದು ಟ್ರಿಷಿಯಂ ಆಗುತ್ತದೆ, ಅದು ವಿಕಿರಣಶೀಲ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರೊಂದರಲ್ಲಿ ಸೇರಿದ್ದು ಇಂಥ ನೀರೇ. ದೇಹದಲ್ಲಿ ಟ್ರಿಷಿಯಂ ನೀರು ಸುಮಾರು 10 ದಿನಕ್ಕೆ ಅರ್ಧವಾಗುತ್ತದೆ. ಹೆಚ್ಚು ನೀರು ಕುಡಿಸಿ ಮೂತ್ರ ಹೆಚ್ಚಿಸಿದರೆ ಇನ್ನೂ ಬೇಗ. ಚಿಕಿತ್ಸೆ ಅಷ್ಟೇ.

ಉಳಿದ ಹಗುರ ಧಾತುಗಳು

ಜಲಜನಕ ಬಿಟ್ಟರೆ ಗುಣಕ 1ಕ್ಕೆ ಅಂಟಿಕೊಂಡಂತೆ ಇರುತ್ತದೆ. ಶೇ. 1.1 ಇರುವ ಇಂಗಾಲ-13ನ್ನು ಇಂಗಾಲದ ಮೊನಾಕ್ಸೈಡ್ ಬಟ್ಟಿ ಇಳಿಸಿ ಪಡೆಯುತ್ತಾರೆ, ಮೈನಸ್ 190 ಡಿಗ್ರಿಗೂ ಕೆಳಗೆ. ಗುಣಕ 1.007 ಎಂದುಕೊಂಡರೆ ಶೇ. 99ಕ್ಕೆ 1,300 ಹಂತ. ಸಾರಜನಕ-15ಕ್ಕೆ ನೈಟ್ರಿಕ್ ಆಮ್ಲ ಮತ್ತು ನೈಟ್ರಿಕ್ ಆಕ್ಸೈಡಿನ ವಿನಿಮಯ, ಗುಣಕ 1.055, ಸುಮಾರು 190 ಹಂತ. ಬೋರಾನ್-10ಕ್ಕೆ ಬೋರಾನ್ ಟ್ರೈಫ್ಲೋರೈಡನ್ನು ಈಥರಿನ ಜೊತೆ ಕಟ್ಟಿ ಬಟ್ಟಿ ಇಳಿಸುತ್ತಾರೆ. ಅದು ನ್ಯೂಟ್ರಾನ್ ನುಂಗುವುದರಲ್ಲಿ ಬೋರಾನ್-11ಕ್ಕಿಂತ ಸಾವಿರಾರು ಪಟ್ಟು ಮುಂದೆ, ಹಾಗಾಗಿ ಕಲ್ಪಾಕ್ಕಂನ ವೇಗದ ರಿಯಾಕ್ಟರುಗಳ ನಿಯಂತ್ರಣ ಸರಳುಗಳಿಗೆ ಬೇಕು. ನ್ಯೂಟ್ರಾನ್ ಹಿಡಿದಾಗ ಅದು ಸಿಡಿದು ಕೊಡುವ ತುಣುಕುಗಳು ಒಂದು ಜೀವಕೋಶದಷ್ಟು ದೂರ ಮಾತ್ರ ಹೋಗುತ್ತವೆ. ಗೆಡ್ಡೆಯ ಕೋಶಗಳಿಗೆ ಬೋರಾನ್ ಸೇರಿಸಿ ಅಲ್ಲೇ ಕೊಲ್ಲುವ ಚಿಕಿತ್ಸೆಗೆ ಜಪಾನ್ 2020ರಲ್ಲಿ ಒಪ್ಪಿಗೆ ಕೊಟ್ಟಿತು.

ಲಿಥಿಯಂ ಕಥೆ ಕೆಟ್ಟದ್ದು. ಟ್ರಿಷಿಯಂ ತಯಾರಿಸಲು ಲಿಥಿಯಂ-6 ಬೇಕು. ಪಾದರಸದಲ್ಲಿ ಕರಗಿಸಿದ ಲಿಥಿಯಂ ಮತ್ತು ನೀರಿನಲ್ಲಿರುವ ಲಿಥಿಯಂ ಹೈಡ್ರಾಕ್ಸೈಡ್ ನಡುವೆ ವಿನಿಮಯ ಮಾಡಿಸಿದರೆ ಲಿಥಿಯಂ-6 ಪಾದರಸದ ಕಡೆ ಸರಿಯುತ್ತದೆ. ಗುಣಕ 1.05ರ ಸುತ್ತ. ಶೇ. 7.6ರಿಂದ 95ಕ್ಕೆ 110ಕ್ಕೂ ಹೆಚ್ಚು ಹಂತ, ಪ್ರತಿ ಹಂತದಲ್ಲೂ ಪಾದರಸ. ಅಮೆರಿಕದ ಓಕ್ ರಿಡ್ಜ್‌ನಲ್ಲಿ 1963ರವರೆಗೆ ನಡೆದ ಈ ಕೆಲಸಕ್ಕೆ ಸುಮಾರು 11,000 ಟನ್ ಪಾದರಸ ತಂದಿದ್ದರು. ಅದರಲ್ಲಿ 900 ಟನ್ನಿನಷ್ಟು ಸೋರಿಹೋಯಿತು ಇಲ್ಲವೇ ಲೆಕ್ಕಕ್ಕೆ ಸಿಗಲಿಲ್ಲ, ಪಕ್ಕದ ತೊರೆಯ ಮೀನಿನಲ್ಲಿ ಪಾದರಸ ಸೇರಿತು. ವಿಧಾನ ಸರಳ, ಅಗ್ಗ ಎಂದು ಹೊಗಳುವವರು ಈ ಅಂಕಿಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಭಾರಜಲ

ಭಾರಜಲ 3.8 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, 101.4ರಲ್ಲಿ ಕುದಿಯುತ್ತದೆ, ನೀರಿಗಿಂತ ಶೇ. 11 ಹೆಚ್ಚು ಸಾಂದ್ರ. ಅದರ ಮಂಜುಗಡ್ಡೆ ಮಾಮೂಲಿ ನೀರಿನಲ್ಲಿ ಮುಳುಗುತ್ತದೆ. ಗಾಜಿನ ಎಲೆಕ್ಟ್ರೋಡಿನ ಪಿಎಚ್ ಮೀಟರ್ ಇದರಲ್ಲಿ 0.4 ಕಡಿಮೆ ತೋರಿಸುತ್ತದೆ. ಓದಿದ ಅಂಕಿಗೆ 0.4 ಕೂಡಿಸದೆ ಬಫರ್ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಮಾಡಿದರೆ ಕಿಣ್ವದ ವೇಗದಲ್ಲಿ ಕಂಡ ಬದಲಾವಣೆ ಐಸೋಟೋಪಿನದೋ ಆಮ್ಲೀಯತೆಯದೋ ತಿಳಿಯುವುದಿಲ್ಲ.

ಇನ್ನೊಂದು ತೊಂದರೆ ತೇವ. ಮಳೆಗಾಲದ ಒಂದು ಲೀಟರ್ ಗಾಳಿಯಲ್ಲಿ 20 ಮಿಲಿಗ್ರಾಂನಷ್ಟು ನೀರಿರುತ್ತದೆ. 1 ಗ್ರಾಂ ಭಾರಜಲಕ್ಕೆ 1 ಮಿಲಿಗ್ರಾಂ ಸೇರಿದರೂ 99.9 ಇದ್ದದ್ದು 99.8 ಆಯಿತು. ಸಕ್ಕರೆಯಂಥ ವಸ್ತುವಿನ ವಿನಿಮಯವಾಗಬಲ್ಲ ಜಲಜನಕಗಳನ್ನು ತೆಗೆಯಬೇಕಾದರೆ ಭಾರಜಲದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುತ್ತಾರೆ. 100 ಮಿಲಿಗ್ರಾಂ ಗ್ಲೂಕೋಸ್, 2 ಮಿಲಿಲೀಟರ್ 99.9ರ ಭಾರಜಲ: ಮೊದಲ ಸುತ್ತಿನ ನಂತರ ಶೇ. 1.3 ಜಲಜನಕ ಉಳಿಯುತ್ತದೆ, ಎರಡನೆಯದರ ನಂತರ 0.12. ಅಲ್ಲಿಗೆ ಭಾರಜಲದಲ್ಲಿದ್ದ ಕಲಬೆರಕೆಯ ಮಟ್ಟಕ್ಕೇ ಬಂದಾಯಿತು. ಅದೇ ಬಾಟಲಿಯಿಂದ ಮೂರನೇ ಸುತ್ತು ಮಾಡುವುದು ದುಡ್ಡು ಚೆಲ್ಲಿದಂತೆ.

ದೇಹದೊಳಗೆ

1933–34ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಶುದ್ಧ ಭಾರಜಲದಲ್ಲಿ ತಂಬಾಕಿನ ಬೀಜ ನೆನೆಸಿಟ್ಟರು; ಮೊಳಕೆ ಬರಲಿಲ್ಲ. ಆದರೆ ಬ್ಯಾಕ್ಟೀರಿಯಾ ಮತ್ತು ಕ್ಲೋರೆಲ್ಲಾದಂಥ ಪಾಚಿಗಳನ್ನು ಹಂತಹಂತವಾಗಿ ಒಗ್ಗಿಸಿದರೆ ಶೇ. 99 ಭಾರಜಲದಲ್ಲೂ ಬೆಳೆಯುತ್ತವೆ, ನಿಧಾನವಾಗಿ. ಸಸ್ತನಿಗಳಿಗೆ ಈ ಹೊಂದಾಣಿಕೆ ಸಾಧ್ಯವಿಲ್ಲ. ದೇಹದ ನೀರಿನಲ್ಲಿ ಕಾಲು ಭಾಗ ಭಾರಜಲವಾದರೆ ಸಂತಾನಶಕ್ತಿ ಹೋಗುತ್ತದೆ. ಮೂರನೇ ಒಂದು ಭಾಗ ದಾಟಿದರೆ ಪ್ರಾಣಕ್ಕೇ ಅಪಾಯ. ಮೊದಲು ಏಟು ಬೀಳುವುದು ಬೇಗ ಬೇಗ ವಿಭಜನೆಯಾಗುವ ಅಸ್ಥಿಮಜ್ಜೆ ಮತ್ತು ಕರುಳಿನ ಒಳಪದರಕ್ಕೆ, ಏಕೆಂದರೆ ಕೋಶ ವಿಭಜನೆಯ ಹುರಿಗಳಾದ ಮೈಕ್ರೋಟ್ಯೂಬ್ಯೂಲುಗಳು ಭಾರಜಲದಲ್ಲಿ ಬಿಗಿದುಕೊಂಡು ಬಿಚ್ಚಿಕೊಳ್ಳುವುದೇ ಇಲ್ಲ. ಪ್ರಾಣಿಗಳ ದಿನಚರಿಯ ಜೈವಿಕ ಗಡಿಯಾರದ ಒಂದು ಸುತ್ತೂ ಉದ್ದವಾಗುತ್ತದೆ.

ಹೆದರುವ ಮಾತಿಲ್ಲ. 42 ಲೀಟರ್ ನೀರಿರುವ ಮೈಯಲ್ಲಿ ಈಗಾಗಲೇ 7 ಗ್ರಾಂ ಭಾರಜಲಕ್ಕೆ ಸಮನಾದ ಡ್ಯೂಟೀರಿಯಂ ಇದೆ. ಕಾಲು ಭಾಗಕ್ಕೆ ಮುಟ್ಟಬೇಕಾದರೆ 10 ಲೀಟರಿಗೂ ಹೆಚ್ಚು ಶುದ್ಧ ಭಾರಜಲ ಮೈಯಲ್ಲಿ ನಿಲ್ಲಬೇಕು. ಅದಕ್ಕೆ ತುಸು ಸಿಹಿ ರುಚಿಯಿದೆ, ನಾಲಗೆಯ ಸಿಹಿ ಗ್ರಾಹಕವೇ ಅದನ್ನು ಗುರುತಿಸುತ್ತದೆ ಎಂದು 2021ರಲ್ಲಿ ತೋರಿಸಿದ್ದಾರೆ. ಇತ್ತ ಡ್ಯೂಟೀರಿಯಂ ಕಡಿಮೆ ಮಾಡಿದ ನೀರು ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಮಾರುವವರೂ ಇದ್ದಾರೆ. ಅದಕ್ಕೆ ಗಟ್ಟಿಯಾದ ವೈದ್ಯಕೀಯ ಪುರಾವೆಯಿಲ್ಲ, ಬೆಲೆ ಮಾತ್ರ ಗಟ್ಟಿಯಾಗಿದೆ.

ಬಂಧ ನಿಧಾನವಾಗಿ ಒಡೆಯುವುದನ್ನೇ ಔಷಧದಲ್ಲಿ ಬಳಸಿಕೊಂಡದ್ದು 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡ್ಯೂಟೆಟ್ರಾಬೆನಜೀನ್. ಹಂಟಿಂಗ್ಟನ್ ಕಾಯಿಲೆಯ ಅಂಕೆಯಿಲ್ಲದ ಚಲನೆಗೆ ಕೊಡುವ ಹಳೆಯ ಔಷಧದ ಆರು ಜಲಜನಕಗಳ ಜಾಗದಲ್ಲಿ ಡ್ಯೂಟೀರಿಯಂ ಇಟ್ಟಿದ್ದಾರೆ. ಯಕೃತ್ತಿನ ಕಿಣ್ವ ಕತ್ತರಿಸುವ ಜಾಗವೇ ಅದು, ಆದ್ದರಿಂದ ಔಷಧ ಹೆಚ್ಚು ಹೊತ್ತು ನಿಲ್ಲುತ್ತದೆ. ಎಲ್ಲ ಔಷಧಕ್ಕೂ ಇದು ಫಲಿಸುವುದಿಲ್ಲ. ಬಂಧ ಒಡೆಯುವುದೇ ನಿಧಾನದ ಹಂತವಾಗಿರಬೇಕು; ಆಗಿದ್ದರೂ ಒಂದು ಕಡೆ ತಡೆದರೆ ಕಿಣ್ವ ಇನ್ನೊಂದು ಕಡೆ ಕಚ್ಚಬಹುದು. ಆಮ್ಲಜನಕ ಅಥವಾ ಸಾರಜನಕಕ್ಕೆ ಅಂಟಿದ ಡ್ಯೂಟೀರಿಯಂ ದೇಹದ ನೀರಿನೊಡನೆ ಕ್ಷಣದಲ್ಲಿ ಅದಲುಬದಲಾಗುತ್ತದೆ, ಅಲ್ಲಿ ಇಟ್ಟು ಪ್ರಯೋಜನವಿಲ್ಲ.

ಸಣ್ಣ ಪ್ರಮಾಣದಲ್ಲಿ ಭಾರಜಲ ನಿರಪಾಯವಾದ ಗುರುತು. ಮಗು ಎಷ್ಟು ಎದೆಹಾಲು ಕುಡಿಯುತ್ತದೆ ಎಂದು ಅಳೆಯಲು ತಾಯಿಗೆ 30 ಗ್ರಾಂ ಕುಡಿಸಿ, 14 ದಿನ ಇಬ್ಬರ ಜೊಲ್ಲಿನ ಮಾದರಿ ತೆಗೆಯುತ್ತಾರೆ. ತಾಯಿಯಲ್ಲಿ ಅದು ಇಳಿಯುವ, ಮಗುವಿನಲ್ಲಿ ಏರಿ ಇಳಿಯುವ ರೇಖೆಗಳಿಂದ ಹಾಲಿನ ಲೆಕ್ಕ ಬರುತ್ತದೆ. ಡ್ಯೂಟೀರಿಯಂ ಜೊತೆಗೆ ಆಮ್ಲಜನಕ-18 ಕೂಡ ಇರುವ ನೀರು ಕೊಟ್ಟರೆ ದೇಹ ಖರ್ಚುಮಾಡುವ ಶಕ್ತಿಯನ್ನೇ ಅಳೆಯಬಹುದು: ಡ್ಯೂಟೀರಿಯಂ ನೀರಾಗಿ ಮಾತ್ರ ಹೊರಹೋಗುತ್ತದೆ, ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ; ಎರಡರ ವೇಗದ ವ್ಯತ್ಯಾಸವೇ ಉಸಿರಿನಲ್ಲಿ ಹೋದ ಡೈಆಕ್ಸೈಡ್. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇಂಥ ಸ್ಥಿರ ಐಸೋಟೋಪುಗಳಿಂದ ಭಾರತೀಯರ ಪೋಷಕಾಂಶದ ಅಗತ್ಯಗಳನ್ನು ಬಹುಕಾಲದಿಂದ ಅಳೆಯುತ್ತ ಬಂದಿದೆ. ಆಮ್ಲಜನಕ-18ರ ಬೆಲೆಯೇ ಇಲ್ಲಿ ಅಡ್ಡಿ, ಏಕೆಂದರೆ ಪೆಟ್ ಸ್ಕ್ಯಾನಿನ ಫ್ಲೋರಿನ್-18 ತಯಾರಿಸುವವರಿಗೂ ಅದೇ ಬೇಕು.

ಗಿಡಗಳು ಈ ಬೇರ್ಪಡಿಸುವಿಕೆಯನ್ನು ತಾವಾಗಿಯೇ ಮಾಡುತ್ತವೆ. ಭತ್ತ, ಮಾವು, ಹೂ ಬಿಡುವ ಹೆಚ್ಚಿನ ಕಾಡುಮರಗಳು ದ್ಯುತಿಸಂಶ್ಲೇಷಣೆಯ ರೀತಿಯಲ್ಲಿ ಸಿ-3 ಎಂಬ ಬಗೆಯವು. ಇಂಗಾಲ-13ನ್ನು ಸಾಕಷ್ಟು ಹೊರಗಿಡುತ್ತವೆ, ಅಂತರರಾಷ್ಟ್ರೀಯ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 27 ಕಡಿಮೆ. ಕಬ್ಬು, ಮೆಕ್ಕೆಜೋಳ, ರಾಗಿ, ಬಿಳಿಜೋಳ ಇನ್ನೊಂದು ರೀತಿಯ, ಸಿ-4 ಬಗೆಯವು; ಅವುಗಳಲ್ಲಿ 13ರಷ್ಟು ಮಾತ್ರ ಕಡಿಮೆ. ಜೇನಿಗೆ ಕಬ್ಬಿನ ಸಕ್ಕರೆಯೋ ಮೆಕ್ಕೆಜೋಳದ ಸಿರಪ್ಪೋ ಬೆರೆಸಿದರೆ ಈ ಅಂಕಿ 27ರಿಂದ 13ರ ಕಡೆಗೆ ಸರಿಯುತ್ತದೆ. ಜೇನಿನೊಳಗಿನ ಪ್ರೋಟೀನನ್ನು ಬೇರ್ಪಡಿಸಿ ಅದರ ಅಂಕಿಯೊಡನೆ ಹೋಲಿಸುತ್ತಾರೆ; ಪ್ರೋಟೀನ್ ಜೇನುನೊಣದ ಕಡೆಯಿಂದ ಬಂದದ್ದು, ಸಕ್ಕರೆ ಬೆರೆಸಿದವರು ಅದನ್ನು ಬದಲಿಸಲಾರರು. ಸಿ-4 ಸಕ್ಕರೆ ಶೇ. 7 ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಕಲಬೆರಕೆ ಮಾಡುವವರಿಗೂ ಇದು ಗೊತ್ತು. ಅವರು ಅಕ್ಕಿಯ ಸಿರಪ್ಪಿಗೆ ಬದಲಾಯಿಸಿಕೊಂಡರು: ಭತ್ತ ಸಿ-3, ಹೂವಿನ ಮಕರಂದದಂತೆಯೇ, ಹಾಗಾಗಿ ಇಂಗಾಲದ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ಅಂಥ ಜೇನಿಗೆ ಅಕ್ಕಿ ಸಿರಪ್ಪಿನ ಗುರುತುವಸ್ತುಗಳನ್ನೋ ಕಾಂತೀಯ ಅನುರಣನದ ರೋಹಿತವನ್ನೋ ಬೇರೆಯಾಗಿಯೇ ನೋಡಬೇಕಾಗುತ್ತದೆ.